ಬೇಸಿಗೆಯ ಹಸಿವು ಮತ್ತು ಮಕ್ಕಳ ಪಂಕ್ತಿ: ಹಂಸಭಾವಿ ಪರಿಸರದ ಅನ್ನದಾಸೋಹದ ಚರಿತ್ರೆ

ಮಕ್ಕಳಿಗೆ ಉಚಿತ ಊಟ ನೀಡುವ ವ್ಯವಸ್ಥೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾರೆ: ಯಾರು ಕೊಟ್ಟರು, ಎಷ್ಟು ಮಕ್ಕಳಿಗೆ ಕೊಟ್ಟರು. ಯಾವ ತಿಂಗಳಲ್ಲಿ ಕೊಟ್ಟರು ಎಂಬ ಮೂರನೆಯ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಜನಪದರ ಬದುಕಿನಲ್ಲಿ ಹಸಿವಿಗೂ ಪಂಚಾಂಗಕ್ಕೂ ಇರುವ ನಂಟನ್ನು ಬಲ್ಲವರಿಗೆ ಈ ಮೂರನೆಯ ಪ್ರಶ್ನೆಯೇ ಮುಖ್ಯವಾಗಿ ತೋರುತ್ತದೆ. ಹಾವೇರಿ ಜಿಲ್ಲೆ ಹಿರೇಕೆರೂರು ತಾಲ್ಲೂಕಿನ ಹಂಸಭಾವಿ ಮತ್ತು ಅದರ ಸುತ್ತಣ ಹಳ್ಳಿಗಳನ್ನು ಕೇಂದ್ರವಾಗಿಟ್ಟುಕೊಂಡು, ಬೇಸಿಗೆಯಲ್ಲಿ ಬಡಮಕ್ಕಳ ಊಟ ಎಲ್ಲಿಂದ ಬರುತ್ತಿತ್ತು, ಎಲ್ಲಿಗೆ ಬಂದು ನಿಲ್ಲುತ್ತಿತ್ತು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಹೆಸರಿನಲ್ಲಿಯೇ ಬಾವಿಯನ್ನು ಇಟ್ಟುಕೊಂಡಿರುವ ಹಂಸಭಾವಿ ಮೃತ್ಯುಂಜಯ ವಿದ್ಯಾಪೀಠದಿಂದಾಗಿ ಸುತ್ತಲಿನ ಹಳ್ಳಿಗಳಿಗೆ ಓದಿನ ಊರಾಗಿದೆ. ಬ್ರಿಟಿಷ್ ಆಡಳಿತ ಕಾಲದಲ್ಲಿ ಈ ಪ್ರದೇಶ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಇಂದಿನ ಹಿರೇಕೆರೂರು ತಾಲ್ಲೂಕಿಗೆ ಆಗ ಕೋಡ ತಾಲ್ಲೂಕು ಎಂಬ ಹೆಸರಿತ್ತು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಮಲೆನಾಡಿನ ಅಂಚಿಗೂ ಬಯಲಿಗೂ ನಡುವೆ ಇರುವ ಈ ಸೀಮೆಯಲ್ಲಿ ಭತ್ತವೂ ಇತ್ತು, ಜೋಳವೂ ಇತ್ತು. ಇತ್ತೀಚಿನ ದಶಕಗಳಲ್ಲಿ ಗೋವಿನಜೋಳ ಹೊಲಗಳನ್ನು ಆವರಿಸಿದೆ. ಕೆರೆಗಳ ನೆರಳಿನಲ್ಲಿರುವ ಊರುಗಳನ್ನು ಬಿಟ್ಟರೆ ಉಳಿದ ಕಡೆ ಬದುಕು ಮಳೆಯನ್ನೇ ನೆಚ್ಚಿಕೊಂಡಿದೆ.

ಇಲ್ಲಿಯ ಕೃಷಿಕೂಲಿ ಮನೆತನಗಳ ವರ್ಷವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಸುಗ್ಗಿಯಲ್ಲಿ ಕೈತುಂಬ ಕೆಲಸ, ಕೂಲಿಯ ಜೊತೆಗೆ ಕಾಳು. ಯುಗಾದಿ ಕಳೆಯುತ್ತಿದ್ದಂತೆ ಹೊಲದ ಕೆಲಸ ನಿಲ್ಲುತ್ತದೆ. ಮುಂಗಾರು ಬಿದ್ದು ಬಿತ್ತನೆ ಆರಂಭವಾಗುವವರೆಗೆ ಕೂಲಿಯಿಲ್ಲ. ಕೂಡಿಟ್ಟ ಕಾಳು ಮೊದಲು ತಳ ಕಾಣುವುದು ಈ ಎರಡು ಎರಡೂವರೆ ತಿಂಗಳಲ್ಲಿ. ಹೊಲವುಳ್ಳ ಮನೆಗಳ ಹಗೇವುಗಳಿಂದ ಕಾಳು ಕಡ ತರುವುದು ಆಗಲೇ. ಆ ಕಡವನ್ನು ಮುಂದಿನ ಸುಗ್ಗಿಯಲ್ಲಿ ಸವಾಯಿ ಲೆಕ್ಕದಲ್ಲಿ, ಅಂದರೆ ಒಂದಕ್ಕೆ ಒಂದೂಕಾಲು ಪಟ್ಟು ತೀರಿಸಬೇಕು. ಬಿಗಿಯಾದ ವರ್ಷಗಳಲ್ಲಿ ಅದು ದೀಡಿ, ಅಂದರೆ ಒಂದೂವರೆ ಪಟ್ಟು ಆಗುತ್ತಿತ್ತು. ಆದ್ದರಿಂದ ಬೇಸಿಗೆಯಲ್ಲಿ ಉಂಡ ಅನ್ನ ಮುಂದಿನ ವರ್ಷದ ಸುಗ್ಗಿಯನ್ನೂ ತಿನ್ನುತ್ತಿತ್ತು. ಇದು ಬರಗಾಲದ ವರ್ಷದ ಮಾತಲ್ಲ, ಮಳೆ ಚೆನ್ನಾಗಿ ಬಂದ ವರ್ಷದ ಮಾತು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಲೇಖನದ ಮುಂದಿನ ವಾದವೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

ಈ ಅವಧಿಯಲ್ಲಿ ಮಕ್ಕಳು ಏನು ತಿನ್ನುತ್ತಿದ್ದರು? ಹಿರಿಯ ವಕ್ತೃಗಳು ಮೊದಲು ಹೇಳುವುದು ಹಕ್ಕಲನ್ನು. ಕೊಯ್ಲು ಮುಗಿದ ಹೊಲದಲ್ಲಿ ಉಳಿದ ತೆನೆ, ಕಿತ್ತ ಶೇಂಗಾ ಹೊಲದ ಮಣ್ಣಿನಲ್ಲಿ ಸಿಕ್ಕಿಕೊಂಡ ಕಾಯಿ, ಇವುಗಳನ್ನು ಆಯ್ದುಕೊಳ್ಳುವ ಹಕ್ಕು ಬಡ ಹೆಂಗಸರಿಗೂ ಮಕ್ಕಳಿಗೂ ರೂಢಿಯಿಂದ ಬಂದಿತ್ತು. ಒಡೆಯ ಅದನ್ನು ತಡೆಯುವಂತಿರಲಿಲ್ಲ. ತಡೆದವನನ್ನು ಊರು ಆಡಿಕೊಳ್ಳುತ್ತಿತ್ತು. ಅನಂತರದ ದಿನಗಳಲ್ಲಿ ಹುಣಸೆ, ಮಾವಿನಕಾಯಿ, ಬೇಲಿಯ ಕವಳಿಹಣ್ಣು, ಮಳೆ ಹತ್ತಿರವಾದಂತೆ ನೇರಳೆ. ಮನೆಯಲ್ಲಿ ಅಂಬಲಿ, ನುಚ್ಚು. ವೈಶಾಖದ ಮದುವೆಗಳು, ಊರ ಜಾತ್ರೆಗಳು, ತೇರಿನ ದಿನದ ದಾಸೋಹ ಇವು ಹೊಟ್ಟೆತುಂಬ ಉಣ್ಣುವ ಸಂದರ್ಭಗಳು. ಆದರೆ ಈ ಊಟಗಳಿಗೆ ಪಂಕ್ತಿಯಿತ್ತು. ಯಾರು ಯಾವ ಸಾಲಿನಲ್ಲಿ ಕೂಡಬೇಕು, ಯಾರು ಕೊನೆಗೆ ಉಣ್ಣಬೇಕು, ಯಾರು ಪಾತ್ರೆ ತಂದು ಹೊರಗೆ ನಿಂತು ಇಸಿದುಕೊಳ್ಳಬೇಕು ಎಂಬುದು ಗೊತ್ತುಪಡಿಸಿದ ಸಂಗತಿಯಾಗಿತ್ತು. ಹಳ್ಳಿಯ ಹಳೆಯ ಔದಾರ್ಯವನ್ನು ಕೊಂಡಾಡುವ ಬರಹಗಳಲ್ಲಿ ಈ ಹೊರಗಿನ ಸಾಲು ಬಿಟ್ಟುಹೋಗುತ್ತದೆ. ಜಾನಪದ ವಿದ್ವಾಂಸರೂ ಈ ತಪ್ಪಿನಿಂದ ಪೂರ್ಣ ಮುಕ್ತರಲ್ಲ.

ಮಕ್ಕಳೇ ನಡೆಸಿ, ಮಕ್ಕಳೇ ಉಣ್ಣುತ್ತಿದ್ದ ಒಂದು ಆಚರಣೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ಅದು ಗುರ್ಜಿ. ಬೇಸಿಗೆ ಮುಗಿದರೂ ಮುಂಗಾರು ಬಾರದಿದ್ದಾಗ ರೊಟ್ಟಿ ಹಂಚನ್ನು ಬೋರಲು ಹಾಕಿ, ಅದರ ಮೇಲೆ ಸೆಗಣಿಯಿಂದ ಗುರ್ಜಿಯ ರೂಪ ಮಾಡಿ, ಗರಿಕೆ ಸಿಕ್ಕಿಸಿ, ಒಬ್ಬ ಹುಡುಗನ ತಲೆಯ ಮೇಲೆ ಹೊರಿಸುತ್ತಾರೆ. ಮಕ್ಕಳ ಗುಂಪು ಹಾಡುತ್ತ ಮನೆಮನೆಗೆ ಹೋಗುತ್ತದೆ. ಮನೆಯ ಹೆಣ್ಣುಮಕ್ಕಳು ಗುರ್ಜಿಯ ಮೇಲೆ ಕೊಡ ನೀರು ಸುರಿಯುತ್ತಾರೆ. ಹೊತ್ತ ಹುಡುಗ ಗರಗರನೆ ತಿರುಗುತ್ತಾನೆ. ಅನಂತರ ಮರದಲ್ಲಿ ಜೋಳವನ್ನೋ ಹಿಟ್ಟನ್ನೋ ತಂದು ಹಾಕುತ್ತಾರೆ. ಹೀಗೆ ಕೂಡಿದ ಕಾಳುಕಡಿಯನ್ನು ಕೊನೆಯ ದಿನ ಗುಡಿಯ ಮುಂದೆ ಒಟ್ಟಿಗೆ ಬೇಯಿಸಿ ಎಲ್ಲರೂ ಉಣ್ಣುತ್ತಾರೆ.

2003ರ ಬೇಸಿಗೆಯ ಕೊನೆಗೆ ಪಿಎಚ್.ಡಿ. ಸಂಶೋಧನೆಗಾಗಿ ಈ ಭಾಗದಲ್ಲಿ ಕ್ಷೇತ್ರಕಾರ್ಯ ಮಾಡುತ್ತಿದ್ದಾಗ ನಾನು ಗುರ್ಜಿಯನ್ನು ಕಂಡೆ. ರಾಜ್ಯಕ್ಕೆ ಸಾಲು ಸಾಲು ಬರ ಬಂದಿದ್ದ ವರ್ಷಗಳವು. ಆ ದಿನದ ನನ್ನ ಟಿಪ್ಪಣಿ ಪುಸ್ತಕವನ್ನು ಈ ಲೇಖನಕ್ಕಾಗಿ ಮತ್ತೆ ತೆರೆದು ನೋಡಿದೆ. ಗುರ್ಜಿಯ ಆಕಾರ, ಅದರ ಪದಮೂಲ, ಹಾಡಿನ ಪಾಠಾಂತರಗಳು, ನೀರು ಸುರಿಯುವ ಕ್ರಿಯೆಯ ಸಾಂಕೇತಿಕತೆ ಇವುಗಳಿಗೆ ನಾಲ್ಕು ಪುಟ ಮೀಸಲಾಗಿದೆ. ಕೊನೆಯ ಅಡುಗೆಗೆ ಒಂದೇ ಸಾಲು. ಎಷ್ಟು ಮಕ್ಕಳು ಉಂಡರು, ಯಾವ ಕೇರಿಯ ಮಕ್ಕಳು ಬಂದಿದ್ದರು, ಯಾರು ದೂರ ಕುಳಿತಿದ್ದರು, ಒಂದೊಂದು ಮಗು ಎಷ್ಟು ಸಲ ಬಡಿಸಿಕೊಂಡಿತು ಎಂಬುದನ್ನು ನಾನು ಬರೆದುಕೊಂಡಿಲ್ಲ. ಮಳೆಯ ಆಚರಣೆಯೆಂಬ ಶೀರ್ಷಿಕೆಯಡಿ ಗುರ್ಜಿಯನ್ನು ಇಡುವ ಅಭ್ಯಾಸ ನಮ್ಮಲ್ಲಿ ಎಷ್ಟು ಬಲವಾಗಿದೆಯೆಂದರೆ, ಹಗೇವಿನ ಕಾಳು ಬಡ್ಡಿಯಿಲ್ಲದೆ ಹೊರಬಂದು ಮಕ್ಕಳ ಹೊಟ್ಟೆ ಸೇರುವ ಆಚರಣೆಯೂ ಅದು ಎಂಬುದು ಕಣ್ಣಿಗೆ ಬೀಳಲಿಲ್ಲ. ಹಸಿವು ತೀರಾ ಬಿಗಿಯಾದ ವಾರಗಳಲ್ಲಿಯೇ ಅದು ನಡೆಯುತ್ತದೆಂಬುದು ಆಕಸ್ಮಿಕವಿರಲಾರದು.

ಇನ್ನು ಓದುವ ಮಕ್ಕಳ ಊಟದ ಪರಂಪರೆಗೆ ಬರೋಣ. ಇದು ಈ ನೆಲಕ್ಕೆ ಹೊಸದಲ್ಲ. ಹಿರೇಕೆರೂರು ಸೀಮೆಯ ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೋಡಿಯ ಮಠವಿತ್ತು. ಕ್ರಿ.ಶ. 1162ರ ಶಾಸನವು ಆ ಕಾಳಾಮುಖ ಮಠವನ್ನು ವರ್ಣಿಸುವಾಗ ವ್ಯಾಕರಣ, ದರ್ಶನಗಳ ಅಧ್ಯಯನದ ಜೊತೆಗೆ ದೀನರಿಗೆ, ಅನಾಥರಿಗೆ, ಅಂಗವಿಕಲರಿಗೆ ಅನ್ನ ನೀಡುವ ಸ್ಥಳವೆಂದೂ ರೋಗಿಗಳಿಗೆ ಚಿಕಿತ್ಸೆ ನೀಡುವ ಸ್ಥಳವೆಂದೂ ಹೇಳುತ್ತದೆ. ವಿದ್ಯೆ ಮತ್ತು ಅನ್ನ ಒಂದೇ ಸೂರಿನಡಿ ಇರಬೇಕೆಂಬ ಕಲ್ಪನೆ ಅಷ್ಟು ಹಳೆಯದು. ಅದೇ ಶತಮಾನದಲ್ಲಿ ಶರಣರು ‘ದಾಸೋಹ’ವೆಂಬ ಪದಕ್ಕೆ ಹೊಸ ತೂಕ ತಂದರು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ನೀಡುವವನೇ ದಾಸ. ಈ ಅರ್ಥವ್ಯತ್ಯಾಸ ಆಚರಣೆಯಲ್ಲಿ ಎಷ್ಟರಮಟ್ಟಿಗೆ ಉಳಿಯಿತು ಎಂಬುದು ಬೇರೆ ಮಾತು. ಪದವಂತೂ ಉಳಿಯಿತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಪದಕ್ಕೆ ಸಂಸ್ಥೆಯ ರೂಪ ಬಂತು. ಶಿರಸಂಗಿಯ ಲಿಂಗರಾಜ ದೇಸಾಯಿಯವರು (1861–1906) ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಬರೆದಿಟ್ಟರು. ಹಾನಗಲ್ಲ ಕುಮಾರಸ್ವಾಮಿಗಳು (1867–1930) ಬಾದಾಮಿಯ ಬಳಿ 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳು ನಡೆಸಿದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದ ಹಳ್ಳಿಯ ಹುಡುಗರು ಈ ಭಾಗದ ಮೊದಲ ತಲೆಮಾರಿನ ಶಿಕ್ಷಕರೂ ಅಧಿಕಾರಿಗಳೂ ಆದರು. ದಕ್ಷಿಣದಲ್ಲಿ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು (1907–2019) ಇದೇ ಮಾದರಿಯನ್ನು ಸಾವಿರಾರು ಮಕ್ಕಳ ಪ್ರಮಾಣಕ್ಕೆ ಬೆಳೆಸಿದರು. ನಿಲಯ ಸಿಗದವರಿಗೆ ವಾರಾನ್ನವಿತ್ತು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ವಾರದ ಏಳೂ ಮನೆಗಳನ್ನು ಗೊತ್ತುಮಾಡಿಕೊಳ್ಳಲಾಗದ ಹುಡುಗ ಉಳಿದ ದಿನ ನೀರು ಕುಡಿದು ಮಲಗುತ್ತಿದ್ದ. ಕನ್ನಡದ ಹಲವು ಆತ್ಮಕಥೆಗಳಲ್ಲಿ ಈ ಖಾಲಿ ವಾರದ ನೆನಪು ಬರುತ್ತದೆ.

ಈ ನಿಲಯಗಳ ಲೆಕ್ಕಾಚಾರವನ್ನು ಋತುಮಾನದೊಡನೆ ಇಟ್ಟು ನೋಡಿದಾಗ ಒಂದು ವಿಚಿತ್ರ ಕಾಣುತ್ತದೆ. ಪ್ರಸಾದ ನಿಲಯಗಳಿಗೆ ಧಾನ್ಯ ಬರುತ್ತಿದ್ದುದು ಸುಗ್ಗಿಯಲ್ಲಿ. ಸ್ವಾಮಿಗಳು ಜೋಳಿಗೆ ಹಿಡಿದು ಹಳ್ಳಿಹಳ್ಳಿಗೆ ಬರುತ್ತಿದ್ದರು. ಭಕ್ತರು ಚೀಲಗಟ್ಟಲೆ ಜೋಳವನ್ನು ಬಂಡಿಯಲ್ಲಿ ಹೇರಿ ಕಳುಹಿಸುತ್ತಿದ್ದರು. ಪರೀಕ್ಷೆ ಮುಗಿದೊಡನೆ ಹುಡುಗರು ಊರಿಗೆ ಹಿಂದಿರುಗುತ್ತಿದ್ದರು. ಕಾಳು ಹಳ್ಳಿಯಿಂದ ನಿಲಯಕ್ಕೆ ಹೋದ ಮೇಲೆ ಹುಡುಗ ನಿಲಯದಿಂದ ಹಳ್ಳಿಗೆ ಬರುತ್ತಿದ್ದ, ಮನೆಯ ಗಡಿಗೆ ಬರಿದಾಗುವ ಹೊತ್ತಿಗೆ ಇನ್ನೊಂದು ಬಾಯಿಯಾಗಿ. ಯಾರದೂ ತಪ್ಪಲ್ಲ. ಶಾಲೆಯ ಪಂಚಾಂಗ ಬೇರೆ, ಹೊಟ್ಟೆಯ ಪಂಚಾಂಗ ಬೇರೆ ಆಗಿದ್ದವು.

ಸರಕಾರದ ಕಡೆಯ ಚರಿತ್ರೆ ಬರಗಾಲದಿಂದ ಆರಂಭವಾಗುತ್ತದೆ. 1791–92ರ ಬರವನ್ನು ಈ ಭಾಗದ ಜನ ಡೋಗಿ ಬರವೆಂದು ನೆನೆದರು. ಸತ್ತವರನ್ನು ಹೂಳುವವರಿಲ್ಲದೆ ಬಯಲಲ್ಲಿ ತಲೆಬುರುಡೆಗಳು ಬಿದ್ದಿದ್ದವೆಂಬುದು ಆ ಹೆಸರಿನ ಹಿಂದಿನ ನೆನಪು. ಆಗ ಮಳೆಯೂ ಕೈಕೊಟ್ಟಿತ್ತು, ಪರಶುರಾಮಭಾವು ಪಟವರ್ಧನನ ಸೈನ್ಯದ ಹಾವಳಿಯೂ ಸೇರಿತ್ತು. 1876–78ರ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಪರಿಹಾರ ಕಾಮಗಾರಿಗಳನ್ನು ತೆರೆಯಲಾಯಿತು. ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಮಟ್ಟಕ್ಕೆ ಇಳಿಸಿದ ರಿಚರ್ಡ್ ಟೆಂಪಲ್‌ನ ನಿರ್ಧಾರ ಅಂದೇ ವಿವಾದಕ್ಕೆ ಒಳಗಾಯಿತು. 1880ರಲ್ಲಿ ಕ್ಷಾಮ ಆಯೋಗ ವರದಿ ನೀಡಿದ ಮೇಲೆ ಪ್ರಾಂತಗಳಲ್ಲಿ ಕ್ಷಾಮ ಸಂಹಿತೆಗಳು ರೂಪುಗೊಂಡವು. ಕಾಮಗಾರಿಯಲ್ಲಿ ದುಡಿಯುವವರ ಮಕ್ಕಳಿಗೆ ಆಹಾರ ಕೊಡುವ ಏರ್ಪಾಡು ಅವುಗಳಲ್ಲಿ ಬಂತು. ಬಡಮಗುವಿನ ಊಟ ಸರಕಾರದ ಹೊಣೆಯೆಂಬ ಮಾತು ಆಡಳಿತದ ಕಾಗದಕ್ಕೆ ಇಳಿದದ್ದು ಹೀಗೆ. ಆದರೆ ಅದಕ್ಕೊಂದು ಬಾಗಿಲಿತ್ತು: ಮೊದಲು ಕ್ಷಾಮ ಘೋಷಣೆಯಾಗಬೇಕು. ಘೋಷಣೆಯಾಗದ ಹಸಿವು ಆಡಳಿತದ ದೃಷ್ಟಿಯಲ್ಲಿ ಹಸಿವೇ ಅಲ್ಲ. ಈ ಬಾಗಿಲು ಮುಂದೆ ಬಹಳ ದೂರದವರೆಗೆ ನಮ್ಮೊಡನೆ ಬಂದಿದೆ.

ಸ್ವಾತಂತ್ರ್ಯಾನಂತರದ ಕಥೆಯನ್ನು ಬೇಗನೆ ಹೇಳಿ ಮುಂದೆ ಹೋಗಬಹುದು. ಐವತ್ತು ದಾಟಿದ ಕನ್ನಡಿಗರಲ್ಲಿ ಹಲವರಿಗೆ ಕೇರ್ ಸಂಸ್ಥೆಯ ಗೋಧಿ ಉಪ್ಪಿಟ್ಟಿನ ರುಚಿ, ಹಾಲಿನ ಪುಡಿಯ ವಾಸನೆ ಇನ್ನೂ ನೆನಪಿದೆ. 1972ರ ಬರದಲ್ಲಿ ಉತ್ತರ ಕರ್ನಾಟಕಕ್ಕೆ ಗಂಜಿ ಕೇಂದ್ರಗಳು ಬಂದವು. 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಅಂಗನವಾಡಿಗಳನ್ನು ತಂದಿತು. 1995ರ ಆಗಸ್ಟ್ 15ರಂದು ಶುರುವಾದ ಕೇಂದ್ರ ಯೋಜನೆಯಡಿ ನಮ್ಮ ರಾಜ್ಯದಲ್ಲಿ ಬೇಯಿಸಿದ ಊಟ ಬರಲಿಲ್ಲ. ಶೇಕಡಾ 80ರಷ್ಟು ಹಾಜರಾತಿಯಿರುವ ಮಗುವಿಗೆ ತಿಂಗಳಿಗೆ 3 ಕಿಲೋ ಅಕ್ಕಿ ಬಂತು. ಆ ಅಕ್ಕಿ ಮಗುವಿನ ತಟ್ಟೆಗೆ ಹೋಗುವ ಮೊದಲು ಇಡೀ ಮನೆಯ ಗಡಿಗೆಗೆ ಹೋಗುತ್ತಿತ್ತು.

ತಿರುವು ಬಂದದ್ದು ನ್ಯಾಯಾಲಯದಿಂದ. ಆಹಾರದ ಹಕ್ಕಿನ ಕುರಿತು ನಾಗರಿಕ ಸ್ವಾತಂತ್ರ್ಯ ಸಂಘಟನೆಯೊಂದು (ಪಿ.ಯು.ಸಿ.ಎಲ್.) 2001ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ನವೆಂಬರ್ 28ರಂದು ಮಧ್ಯಂತರ ಆದೇಶ ನೀಡಿತು. ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೂ ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್ ಇರುವ ಬೇಯಿಸಿದ ಊಟ, ವರ್ಷದಲ್ಲಿ ಕನಿಷ್ಠ 200 ದಿನ. ಕರ್ನಾಟಕದಲ್ಲಿ 2002ರ ಜೂನ್ 1ರಂದು ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾದ ಯೋಜನೆಗೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟರು. 2003ರ ಜುಲೈ 1ರಿಂದ ಅದು ಹಾವೇರಿಯೂ ಸೇರಿದಂತೆ ಉಳಿದ ಜಿಲ್ಲೆಗಳಿಗೆ ವಿಸ್ತರಿಸಿತು. ನಾನು ಗುರ್ಜಿ ಕಂಡ ಬೇಸಿಗೆ ಕಳೆದು ಶಾಲೆ ತೆರೆದ ಮೇಲೆ ಅದೇ ಮಕ್ಕಳಿಗೆ ಶಾಲೆಯ ಅಂಗಳದಲ್ಲಿ ಬಿಸಿಯೂಟ ಬಂತೆಂದಾಯಿತು.

ಹೆಸರಿನ ಆಯ್ಕೆ ಅರ್ಥಪೂರ್ಣವಾದುದು. ಮಠದ ಪದ ಸರಕಾರದ ಕಡತಕ್ಕೆ ಬಂದಾಗ ಅದರ ಪಂಕ್ತಿ ಬದಲಾಯಿತು. ಕಾಗದದ ಮೇಲಾದರೂ ಎಲ್ಲ ಕೇರಿಯ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತರು. 2004ರ ಏಪ್ರಿಲ್ 20ರ ಆದೇಶದಲ್ಲಿ ಅಡುಗೆಯವರ ನೇಮಕಾತಿಯಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದ್ಯತೆ ನೀಡಬೇಕೆಂದು ನ್ಯಾಯಾಲಯ ಹೇಳಿತು. ದಲಿತ ಮಹಿಳೆ ಬೇಯಿಸಿದ ಅನ್ನವನ್ನು ಮಕ್ಕಳು ಉಣ್ಣದಂತೆ ಪಾಲಕರು ತಡೆದ ಪ್ರಸಂಗಗಳು ರಾಜ್ಯದ ಅಲ್ಲಲ್ಲಿ ವರದಿಯಾಗಿವೆ. ಜಾತ್ರೆಯ ಹೊರಗಿನ ಸಾಲು ಅಷ್ಟು ಸುಲಭವಾಗಿ ಕರಗುವಂಥದಲ್ಲ. ಆದರೂ ಹಳೆಯ ಯಾವ ದಾಸೋಹವೂ ಮುಟ್ಟದ ಮೇರೆಯನ್ನು ಈ ಊಟ ಮುಟ್ಟಿತೆಂಬುದು ನನ್ನ ಅಭಿಪ್ರಾಯ. ಒಂದು ಆಕ್ಷೇಪವನ್ನು ಮಾತ್ರ ಇಲ್ಲಿ ದಾಖಲಿಸುತ್ತೇನೆ. ಜೋಳ ಉಂಡು ಬೆಳೆದ ನಾಡಿನ ಮಕ್ಕಳಿಗೆ ಅಕ್ಷರ ದಾಸೋಹ ಅಕ್ಕಿಯನ್ನೇ ಬಡಿಸಿತು. ಶಾಲೆಯ ಊಟ ಅನ್ನ, ಮನೆಯ ಊಟ ರೊಟ್ಟಿ ಎಂಬ ಮೇಲುಕೀಳು ಮಕ್ಕಳ ಮನಸ್ಸಿನಲ್ಲಿ ಹೇಗೆ ಕುಳಿತಿದೆ ಎಂಬುದು ಪ್ರತ್ಯೇಕ ಅಧ್ಯಯನದ ವಸ್ತು.

2004ರ ಅದೇ ಆದೇಶದಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸೇರಿದ ಮಾತೊಂದಿದೆ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲಿಯೂ ಮಧ್ಯಾಹ್ನದ ಊಟ ಕೊಡಬೇಕು. ಆ ವರ್ಷ ಪರಿಷ್ಕೃತವಾದ ಕೇಂದ್ರ ಯೋಜನೆಯಲ್ಲಿ ಈ ಅಂಶ ಸೇರಿತು. ಬಡಮಗುವಿನ ಬೇಸಿಗೆಯ ಊಟ ಶಾಲೆಯ ಮೂಲಕ ದೊರೆಯುವ ಹಾದಿ ಅಲ್ಲಿಂದ ತೆರೆಯಿತು. ಮುಂದಿನ ಬರದ ವರ್ಷಗಳಲ್ಲಿ ರಾಜ್ಯ ಸರಕಾರ ಇದನ್ನು ಜಾರಿಗೆ ತಂದಿದೆ. ಇತ್ತೀಚಿನದು 2024ರದು. 2023ರ ಮುಂಗಾರು ವಿಫಲವಾಗಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಹಾವೇರಿ ಜಿಲ್ಲೆಯೂ ಆ ಬರದ ಪಟ್ಟಿಯಲ್ಲಿತ್ತು. ಆ ತಾಲ್ಲೂಕುಗಳ ಶಾಲೆಗಳಲ್ಲಿ ಏಪ್ರಿಲ್ 11ರಿಂದ ಮೇ 28ರವರೆಗಿನ ರಜೆಯಲ್ಲಿ ಬಿಸಿಯೂಟ ನೀಡಲು ಆದೇಶವಾಯಿತು.

ಆದರೆ ಕ್ಷಾಮ ಸಂಹಿತೆಯ ಬಾಗಿಲು ಇಲ್ಲಿಯೂ ಹಾಗೆಯೇ ನಿಂತಿದೆ. ಬರ ಘೋಷಣೆಯಾದರೆ ರಜೆಯಲ್ಲಿ ಒಲೆ ಉರಿಯುತ್ತದೆ, ಆಗದಿದ್ದರೆ ಇಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಾಲಾ ಊಟವನ್ನು ಶಾಸನಬದ್ಧ ಹಕ್ಕಾಗಿಸಿತು. ಆ ಹಕ್ಕಿನ ವಾಕ್ಯದೊಳಗೇ ಶಾಲೆಯ ರಜಾದಿನಗಳನ್ನು ಹೊರತುಪಡಿಸಿ ಎಂಬ ನಿಬಂಧನೆಯಿದೆ. ಅಂಗನವಾಡಿಯ ಪೂರಕ ಆಹಾರಕ್ಕೆ ವರ್ಷಕ್ಕೆ 300 ದಿನದ ಗುರಿಯಿದೆ. ಶಿಕ್ಷಣ ಹಕ್ಕು ಕಾಯಿದೆ (2009) ಶಾಲೆಗೆ ಹೇಳುವ ಕನಿಷ್ಠ ದಿನಗಳು ಐದನೆಯ ತರಗತಿಯವರೆಗೆ 200, ಎಂಟರವರೆಗೆ 220. ಒಂದೇ ಮನೆಯ ಐದು ವರ್ಷದ ತಂಗಿಗೆ ವೈಶಾಖದಲ್ಲಿಯೂ ಅಂಗನವಾಡಿಯ ಆಹಾರವುಂಟು, ಏಳು ವರ್ಷದ ಅಕ್ಕನಿಗೆ ಇಲ್ಲ. ಅಡುಗೆಯ ಹೆಣ್ಣುಮಕ್ಕಳ ಗೌರವಧನವನ್ನೂ ಕೇಂದ್ರದ ನಿಯಮ ವರ್ಷಕ್ಕೆ ಹತ್ತು ತಿಂಗಳಿಗೆ ಲೆಕ್ಕ ಹಾಕಿದೆ. ಉಳಿದ ಎರಡು ತಿಂಗಳು ಉಣ್ಣಿಸುವವಳ ಮನೆಯಲ್ಲಿಯೂ ಬಿಗಿಯೇ.

2020ರ ಬೇಸಿಗೆ ಒಂದು ಅಪವಾದ. ಕೊರೊನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ ಮಕ್ಕಳ ಊಟ ನಿಲ್ಲಬಾರದೆಂದು ಸರ್ವೋಚ್ಚ ನ್ಯಾಯಾಲಯ ಮಾರ್ಚ್‌ನಲ್ಲಿ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ಆ ವರ್ಷದ ಬೇಸಿಗೆ ರಜೆಯನ್ನೂ ಯೋಜನೆಯ ವ್ಯಾಪ್ತಿಗೆ ತರಲು ಕೇಂದ್ರ ಒಪ್ಪಿತು. ಊಟದ ಬದಲು ಧಾನ್ಯ ವಿತರಣೆಯಾದ್ದರಿಂದ 1995ರ ಅಕ್ಕಿಯ ಕಥೆಯೇ ಮರುಕಳಿಸಿತೆನ್ನಬಹುದು. ಆದರೂ ಬರದ ಘೋಷಣೆಯಿಲ್ಲದೆ ಬೇಸಿಗೆಯ ಹಸಿವನ್ನು ಸರಕಾರ ಗುರುತಿಸಿದ ನಿದರ್ಶನವಾಗಿ ಅದು ಉಳಿದಿದೆ. ಹೊರದೇಶದ ಒಂದು ಉದಾಹರಣೆ ಇಲ್ಲಿ ಉಪಯುಕ್ತ. ಅಮೆರಿಕದಲ್ಲಿ ಶಾಲಾ ಊಟದ ಕಾಯಿದೆ 1946ರಲ್ಲಿ ಬಂದರೂ ಬೇಸಿಗೆ ರಜೆಯ ಪ್ರಶ್ನೆ ಎರಡು ದಶಕ ಹಾಗೆಯೇ ಉಳಿದಿತ್ತು. 1968ರಲ್ಲಿ ಪ್ರಯೋಗವಾಗಿ ಆರಂಭವಾದ ಬೇಸಿಗೆ ಊಟ 1975ರಲ್ಲಿ ಪ್ರತ್ಯೇಕ ಯೋಜನೆಯಾಯಿತು. ಅಲ್ಲಿ ಕೇಳುವ ಪ್ರಶ್ನೆ ಮಳೆ ಬಂತೇ ಎಂದಲ್ಲ. ಆ ಬಡಾವಣೆಯಲ್ಲಿ ಅರ್ಧದಷ್ಟಾದರೂ ಮಕ್ಕಳು ಬಡಕುಟುಂಬದವರೇ ಎಂಬುದು. ಮಳೆಮಾಪಕದಿಂದ ಅಳೆಯುವುದಕ್ಕೂ ಮನೆಯ ಗಡಿಗೆಯಿಂದ ಅಳೆಯುವುದಕ್ಕೂ ಇರುವ ಅಂತರ ಇದು.

ಇಷ್ಟರಲ್ಲಿ ಹಳೆಯ ಆಸರೆಗಳೂ ಸಡಿಲಗೊಂಡಿವೆ. ಯಂತ್ರದಿಂದ ಕೊಯ್ದ ಗೋವಿನಜೋಳದ ಹೊಲದಲ್ಲಿ ಆಯಲು ಹಕ್ಕಲು ಹೆಚ್ಚೇನೂ ಉಳಿಯುವುದಿಲ್ಲ. ಮಾರಲೆಂದೇ ಬೆಳೆದ ಕಾಳು ಹಗೇವಿಗೆ ಇಳಿಯುವುದಿಲ್ಲ. ಗುಳೆ ಹೋಗುವ ತಂದೆತಾಯಿಗಳ ಮಕ್ಕಳು ಕೆಲವರು ಅವರೊಡನೆ ನಗರದ ಕಟ್ಟಡಗಳ ಬುಡದಲ್ಲಿರುತ್ತಾರೆ, ಕೆಲವರು ಅಜ್ಜಿಯ ಬಳಿ ಉಳಿಯುತ್ತಾರೆ. ಪಡಿತರದ ಅಕ್ಕಿಯಿಂದಾಗಿ ಡೋಗಿ ಬರದಂಥ ಹಸಿವು ಇಂದು ಇಲ್ಲವೆಂಬುದು ನಿಜ. ಆದರೆ ಅಕ್ಕಿಯಿದ್ದು ಬೇಳೆಯಿಲ್ಲದ, ಬೇಯಿಸಲು ಹಿರಿಯರಿಲ್ಲದ ಮಧ್ಯಾಹ್ನಗಳು ಬೇಸಿಗೆಯಲ್ಲಿ ಬಹಳ.

ಗುರ್ಜಿಯ ಅಡುಗೆಯ ಬಗ್ಗೆ ನಾನು ಬರೆದುಕೊಂಡಿದ್ದ ಆ ಒಂದು ಸಾಲು ಹೀಗಿದೆ: ಸಂಜೆ ಗುಡಿಯ ಮುಂದೆ ಅಡಿಗೆ, ಮಕ್ಕಳೆಲ್ಲ ಉಂಡರು. ‘ಎಲ್ಲ’ ಎಂಬಲ್ಲಿ ಯಾರು ಯಾರು ಸೇರಿದ್ದರೆಂದು ಕೇಳಲು ಕಳೆದ ಬೇಸಿಗೆಯಲ್ಲಿ ಆ ಊರಿಗೆ ಮತ್ತೆ ಹೋಗಿದ್ದೆ. ಅಂದು ಗುರ್ಜಿ ಹೊತ್ತಿದ್ದ ಹುಡುಗ ದುಡಿಯಲು ಊರು ಬಿಟ್ಟು ಬಹಳ ವರ್ಷಗಳಾಗಿದ್ದವು. ಅವನ ಅಜ್ಜಿಗೆ ಹಾಡು ಪೂರ್ತಿ ನೆನಪಿರಲಿಲ್ಲ. ಯಾವ ಯಾವ ಮನೆಯವರು ಎಷ್ಟೆಷ್ಟು ಜೋಳ ನೀಡಿದರು, ಯಾವ ಕೇರಿಯ ಮಕ್ಕಳಿಗೆ ಎಲೆಯನ್ನು ಕಟ್ಟೆಯ ಕೆಳಗೆ ಹಾಕಿದರು ಎಂಬುದನ್ನು ಮಾತ್ರ ಆಕೆ ಬೆರಳು ಮಡಿಚಿ ಒಂದೊಂದಾಗಿ ಹೇಳಿದರು.